ಜಪಾನಿನ ಯಜಮಾನ್ರು

ಟೋಕಿಯೋದ ನಿಶಿಕಸಾಯ್‌ನಲ್ಲಿ ಭಾನುವಾರ ಬೆಳಿಗ್ಗೆ ನನಗೆ ಜಪಾನಿ ಪಾಠ. ಹೇಳಿಕೊಡುವವರು ಎಪ್ಪತ್ತು ದಾಟಿದ ಅಜ್ಜಿ. ದುಡ್ಡು ಮುಟ್ಟುವುದಿಲ್ಲ. ಗಂಡನ ಮಾತು ಬಂದರೆ ‘ಶುಜಿನ್’ ಅನ್ನುತ್ತಾರೆ, ಅಂದರೆ ಯಜಮಾನ್ರು. ಮೊದಲ ಸಲ ಕೇಳಿದಾಗ ನಮ್ಮನೆ ಹಿತ್ತಲಲ್ಲಿ ಕೂತ ಹಾಗಾಯಿತು.

ಮೊನ್ನೆ ಬೋರ್ಡಿನ ಮೇಲೆ ‘ಮಿನ್‌ಶು’ ಅಂತ ಬರೆದರು. ಡೆಮಾಕ್ರಸಿಗೆ ಅವರ ಪದ ‘ಮಿನ್‌ಶು ಶುಗಿ’. ಮಿನ್ ಅಂದರೆ ಜನ. ಶು? ಅದೇ ಶುಜಿನ್‌ನ ಶು, ಅದೇ ಐದು ಗೆರೆಯ ಅಕ್ಷರ. ಜನರೇ ಯಜಮಾನ್ರು! ಖುಷಿಯಲ್ಲಿ ನಮ್ಮದನ್ನೂ ಹೇಳಿದೆ: ಪ್ರಜಾಪ್ರಭುತ್ವ. ಬಿಡಿಸಿ ಹೇಳಿ ಅಂದರು. ‘ಪ್ರಭು ಅಂದರೆ ದೊರೆ. ಪ್ರಜೆ ಅಂದರೆ... ದೊರೆಯ ಕೈಕೆಳಗಿನವರು.’ ಅಜ್ಜಿ ಕನ್ನಡಕ ಏರಿಸಿಕೊಂಡು, ‘ಹಾಗಾದರೆ ದೊರೆ ಇನ್ನೂ ಇದ್ದಾನಾ?’ ಅಂದರು. ನಕ್ಕೆ, ಆದರೆ ಚುಚ್ಚಿತು.

ನಾವು ಆ ಪದವನ್ನು ಜನವರಿ 26ರ ಭಾಷಣಕ್ಕೆ ಇಸ್ತ್ರಿ ಮಾಡಿ ಇಟ್ಟಿದ್ದೇವೆ. ಮಿಕ್ಕ ದಿನ ಡೆಮಾಕ್ರಸಿ. ಜಪಾನಿನವರು ಒಂದು ಶುಗಾಗಿ ತಲೆ ಕೆಡಿಸಿಕೊಂಡವರು. 1889ರ ಸಂವಿಧಾನದಲ್ಲಿ ಯಜಮಾನಿಕೆ ಚಕ್ರವರ್ತಿಯದು. 1916ರಲ್ಲಿ ಯೊಶಿನೊ ಸಕುಜೊ ಅನ್ನೋ ಪ್ರೊಫೆಸರು ಡೆಮಾಕ್ರಸಿ ಪರ ಉದ್ದದ ಲೇಖನ ಬರೆದರು. ಜನರನ್ನು ಯಜಮಾನ್ರು ಅಂದರೆ ಚಕ್ರವರ್ತಿಗೆ ಎದುರಾಡಿದ ಹಾಗೆ. ಅದಕ್ಕೇ ಶು ತೆಗೆದು ‘ಹೊನ್’ ಹಾಕಿ ‘ಮಿನ್‌ಪೊನ್’ ಅಂದರು. ಹೊನ್ ಅಂದರೆ ಬುಡ. ಆಳುವವರು ಜನರ ಒಳಿತು ನೋಡಲಿ, ಅವರ ಮಾತು ಕೇಳಲಿ, ಯಜಮಾನ ಯಾರು ಅನ್ನೋ ಪ್ರಶ್ನೆ ಸದ್ಯಕ್ಕೆ ಬೇಡ. ಜಾಣತನ ಅಲ್ವಾ! 1947ರಲ್ಲಿ ಜಾರಿಗೆ ಬಂದ ಸಂವಿಧಾನ ‘ಶುಕೆನ್’ ಜನರದು ಅಂದಿತು. ಪರಮಾಧಿಕಾರ ಅನ್ನೋದಕ್ಕೂ ಅದೇ ಶು. ಚಕ್ರವರ್ತಿ ಬರೀ ಸಂಕೇತ.

ಹಾಗಂತ ಮಿನ್ ಏನೂ ಅಷ್ಟು ಮಡಿಯಲ್ಲ. 1889ರಲ್ಲಿ ಜನರಿಗೆ ಇಟ್ಟ ಹೆಸರು ‘ಶಿನ್‌ಮಿನ್’, ಹೆಚ್ಚುಕಮ್ಮಿ ನಮ್ಮ ಪ್ರಜೆಯೇ. ಮತ್ತೆ, ಒಪ್ಪಲೇಬೇಕು, ಮೈಸೂರಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಸೇರಿಸಿದ್ದು 1881ರಲ್ಲಿ. ಇಲ್ಲಿಯ ಪಾರ್ಲಿಮೆಂಟು ಮೊದಲು ಸೇರಿದ್ದು 1890ರಲ್ಲಿ. ನಮ್ಮವರಿಗೆ ಕಾನೂನು ಮಾಡುವ ಅಧಿಕಾರ ಇರಲಿಲ್ಲ, ಅಹವಾಲು ಹೇಳಿಕೊಳ್ಳಬಹುದಿತ್ತು ಅಷ್ಟೇ. ಆದರೂ ಒಂಬತ್ತು ವರ್ಷ ಮೊದಲು.

ಇದನ್ನೆಲ್ಲ ಅಜ್ಜಿಗೆ ಹೇಳಿದೆ. ತಲೆಯಾಡಿಸಿ ಟೀ ಬಗ್ಗಿಸಿದರು. ಅವರ ಮಗಳು ಶುಜಿನ್ ಅನ್ನುವುದಿಲ್ಲವಂತೆ. ಸುಮ್ನೆ ‘ಒತ್ತೊ’, ಗಂಡ. ಆ ಸಂಜೆ ಊರಿಗೆ ಫೋನ್ ಮಾಡಿದೆ. ಅಮ್ಮ ಎತ್ತಿದಳು, ಆದರೆ ಮಾತು ಪಕ್ಕದ ಮನೆಯವರ ಜೊತೆ: ‘ಚೀಟಿ ವಿಷಯ ನಮ್ಮ ಯಜಮಾನ್ರನ್ನ ಕೇಳಿ ಹೇಳ್ತೀನಿ ಕಣ್ರೀ.’