ನಾಲ್ಕು ಜ್ವರ ನುಂಗಿದ ವಿಡಿಯೋ

ನಿನ್ನೆಯಿಂದ ತಲೆ ಕಾದಿದೆ. ಇಲ್ಲಿ ಕಕ್ಕದಿದ್ದರೆ ಮನೆಯಲ್ಲಿ ಯಾರ ಮೇಲಾದರೂ ಬೀಳುತ್ತೆ, ಅದಕ್ಕೇ ಬರೀತಿದ್ದೀನಿ.

ನಮ್ಮ ಶಾಲೆಗೆ ದಾನಿಗಳು ಟಿವಿ ಕೊಟ್ಟ ಕಥೆ ನಿಮಗೆಲ್ಲ ಗೊತ್ತೇ ಇದೆ, ಆ ಫೋಟೊಗೆ ಲೈಕ್ ಒತ್ತಿದವರು ನೀವೇ. ನಿನ್ನೆ ಮೇಲಿನವರೊಬ್ಬರು ಬಂದರು. "ಡಿಜಿಟಲ್ ಕಲಿಕೆ ನಡೀತಿದೆಯಾ ಮೇಡಂ? ಒಂದು ವಿಡಿಯೋ ಹಾಕಿ, ಗ್ರೂಪಿಗೆ ಫೋಟೊ ಕಳಿಸಬೇಕು." ಪೆನ್‌ಡ್ರೈವ್ ಅವರೇ ತಂದಿದ್ದರು. ನಾಲ್ಕನೇ ತರಗತಿ, ಪರಿಸರ ಅಧ್ಯಯನ. ವಿಡಿಯೋ ಯಾವುದು ಅಂತೀರಿ? ರೇಷ್ಮೆ ಹುಳುವಿನ ಜೀವನ ಚಕ್ರ!

ಶಿಡ್ಲಘಟ್ಟದಲ್ಲಿ. ರೇಷ್ಮೆ ಗೂಡಿನ ಮಾರುಕಟ್ಟೆ ಇರೋ ತಾಲ್ಲೂಕಲ್ಲಿ. ಬೆಳಿಗ್ಗೆ ಎದ್ದು ಹುಳುವಿಗೆ ಸೊಪ್ಪು ಹಾಕಿ, ಕೈ ತೊಳೆದು ಶಾಲೆಗೆ ಬರೋ ಮಕ್ಕಳಿಗೆ.

ಅದರಲ್ಲಿ ಒಂದು ದೊಡ್ಡ ಕಣ್ಣಿನ ಹುಳು ಕುಣಿದುಕೊಂಡು ಬಂತು, ಎರಡು ಎಲೆ ತಿಂತು, ಗೂಡು ಕಟ್ಟಿತು. ಹಿಂದೆ ಡುಂ ಡುಂ ಸಂಗೀತ. ಮೂರನೇ ಬೆಂಚಿನ ಹುಡುಗ ಎದ್ದು ನಿಂತ. "ಮಿಸ್, ನಾಲ್ಕ್ ಜ್ವರಾನೂ ಬಿಟ್ಬಿಟ್ಟವ್ರೆ!" ಪಕ್ಕದವಳು "ಅವುನು ಮಿಸ್, ಚಂದ್ರಿಕೆನೂ ಇಲ್ಲ" ಅಂದಳು. ಗೂಡು ಕಟ್ಟೋಕೆ ಅಂತ ಹುಳು ಬಿಡೋ ತಟ್ಟೆ ಅದು. ಬಂದವರಿಗೆ ಜ್ವರ ಅಂದರೆ ಏನೂಂತ ಗೊತ್ತಾಗಲಿಲ್ಲ. "ಯಾರಿಗೆ ಜ್ವರ?" ಅಂತ ನನ್ನನ್ನೇ ಕೇಳಿದರು. ಹುಳು ಮೇವು ಬಿಟ್ಟು, ತಲೆ ಎತ್ತಿ ಅಲ್ಲಾಡದೆ ಕೂತು ಪೊರೆ ಕಳಚುತ್ತಲ್ಲ, ನಮ್ಮ ಕಡೆ ಅದಕ್ಕೆ ಜ್ವರ ಅಂತಾರೆ, ನಾಲ್ಕು ಸಲ ಬರುತ್ತೆ ಅಂತ ಆ ಹುಡುಗನೇ ವಿವರಿಸಿದ. ನಾಲ್ಕನೇ ಜ್ವರ ಎದ್ದ ಮೇಲೆ ರಾತ್ರಿ ಹುಳು ಮನೆಯಲ್ಲಿ ಸೊಪ್ಪು ತಿನ್ನೋ ಸದ್ದು ಶೀಟಿನ ಮೇಲೆ ಮಳೆ ಬಿದ್ದ ಹಾಗಿರುತ್ತೆ ಅಂದ. ಎಷ್ಟು ಚೆಂದದ ಪಾಠ! ಅಷ್ಟರಲ್ಲಿ "ಕೂತ್ಕೋಪ್ಪ, ಎಲ್ಲರೂ ಟಿವಿ ಕಡೆ ನೋಡಿ" ಅಂತ ಕ್ಲಿಕ್ ಮಾಡಿಕೊಂಡರು. ಫೋಟೊದಲ್ಲಿ ಮಕ್ಕಳ ಬೆನ್ನು, ಟಿವಿಯ ಮುಖ.

ನನ್ನ ಸಿಟ್ಟು ಟಿವಿ ಮೇಲಲ್ಲ, ದಯವಿಟ್ಟು ಅರ್ಥ ಮಾಡ್ಕೊಳ್ಳಿ. ಹೋದ ವರ್ಷ ಇದೇ ಟಿವಿಯಲ್ಲಿ ಸಮುದ್ರ ತೋರಿಸಿದ್ದೆ. ವರ್ಷಪೂರ್ತಿ ಹರಿಯೋ ಒಂದು ನದಿಯೂ ಇಲ್ಲದ ಜಿಲ್ಲೆ ನಮ್ಮದು. ಸೌಂಡ್ ತೆಗೆದು, ಎರಡೇ ನಿಮಿಷ ಬರೀ ಅಲೆ ಹಾಕಿದೆ. ತರಗತಿ ಗಪ್‌ಚುಪ್. ಕೊನೆಗೆ ಒಬ್ಬಳು "ರಾತ್ರೀನೂ ಹಿಂಗೇ ಬರ್ತಿರುತ್ತಾ ಮಿಸ್?" ಅಂದಳು. ವಿಡಿಯೋ ತಡೆದು ನಿಲ್ಲಿಸೋ ಪಾಸ್ (pause) ಬಟನ್ ಒತ್ತಿದೆ. ಉಳಿದ ಪೀರಿಯಡ್ಡೆಲ್ಲ ಮಾತೇ. ರಿಮೋಟಿನಲ್ಲಿ ಮೇಷ್ಟ್ರಿಗೆ ಅಂತ ಇರೋ ಬಟನ್ ಅದೊಂದೇ ಅಂತ ನನ್ನ ನಂಬಿಕೆ. ಆದರೆ ಪಾಸ್ ಒತ್ತಿದರೆ ಫೋಟೊ ಚೆನ್ನಾಗಿ ಬರಲ್ವಲ್ಲ!

ಶಾಲೆ ಮಕ್ಕಳಿಗೆ ಅಂತ ಬರ್ತಿದ್ದ ರೇಡಿಯೋ ಪಾಠ 'ಚಿಣ್ಣರ ಚುಕ್ಕಿ' ನೆನಪಿದೆಯಾ? ಪ್ರಶ್ನೆ ಕೇಳಿ ಅದೇ ಸುಮ್ಮನಾಗೋದು, ಮಕ್ಕಳು ಉತ್ತರ ಕೂಗೋವರೆಗೂ. ಆ ಡಬ್ಬಕ್ಕಿದ್ದ ತಾಳ್ಮೆ ಈ ಟಿವಿಯವರಿಗಿಲ್ಲ. 1975ರಲ್ಲಿ ಉಪಗ್ರಹದಿಂದ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ಬಂತು, ನಮ್ಮ ರಾಯಚೂರು, ಕಲಬುರಗಿ ಕಡೆಯವೂ ಸೇರಿ. 2004ರಲ್ಲಿ ಪಾಠಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿತು, ಚಾಮರಾಜನಗರದ ಪ್ರಾಥಮಿಕ ಶಾಲೆಗಳಿಗೆ ಡಿಶ್ ಬಂತು. 2017ರಲ್ಲಿ ಸರ್ಕಾರದ ಆನ್‌ಲೈನ್ ಪಾಠದ ವೇದಿಕೆ ದೀಕ್ಷಾ. ಈಗ ಪುಸ್ತಕದಲ್ಲೇ ಕ್ಯೂಆರ್ ಕೋಡು. ಪೆಟ್ಟಿಗೆ ಬದಲಾಗುತ್ತಾ ಬಂತು. ಪೆಟ್ಟಿಗೆಯೊಳಗೆ ಏನು ಹಾಕಬೇಕು, ಯಾವಾಗ ನಿಲ್ಲಿಸಬೇಕು ಅಂತ ಮಾತ್ರ ನಮ್ಮನ್ನು ಯಾರೂ ಕೇಳಲಿಲ್ಲ.

"ಕಾನ್ವೆಂಟಲ್ಲಿ ಸ್ಮಾರ್ಟ್ ಕ್ಲಾಸ್ ಇದೆ, ನೀವು ಹೀಗಂದ್ರೆ ಮಕ್ಕಳು ಅಲ್ಲಿಗೆ ಹೋಗ್ತಾರೆ" ಅಂತ ಸಹೋದ್ಯೋಗಿ ಸಾರ್ ಅಂತಾರೆ. ಹೌದು ಸಾರ್, ಹೋಗ್ತಾರೆ. ವ್ಯಾನ್ ನೋಡಿ ಹೋಗ್ತಾರೆ, ಟೈ ನೋಡಿ ಹೋಗ್ತಾರೆ. ಅದಕ್ಕೆ ನಾನೂ ಟೈ ಕಟ್ಟಿಕೊಂಡು ಬರಲಾ?

ಇನ್ನೊಂದು ಒಪ್ಪಿಕೊಂಡುಬಿಡ್ತೀನಿ. ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿ ಎಲ್ಲ ಒಟ್ಟಿಗೆ ತಲೆ ಮೇಲೆ ಬಿದ್ದ ದಿನ ನಾನೂ ಕಾರ್ಟೂನ್ ಹಾಕಿ ಮೂಲೆಯಲ್ಲಿ ಕೂತು ಬರೆದಿದ್ದೀನಿ. ಮುಕ್ಕಾಲು ಗಂಟೆ. ಮಕ್ಕಳು ತುಂಬಾ ಶಿಸ್ತಾಗಿದ್ದರು. ಆ ಶಿಸ್ತು ನೋಡಿ ನನಗೇ ಹೆದರಿಕೆಯಾಯ್ತು.

ನಿಜವಾಗಿ ಹೊಟ್ಟೆ ಉರಿದದ್ದು ಆ ವಿಡಿಯೋದ ಕೊನೆಗೆ. ನಮ್ಮ ಮಕ್ಕಳು ಮೊಟ್ಟೆ, ಚಾಕಿ ಅನ್ನೋ ಮರಿಹುಳು, ಗೂಡು ಕಟ್ಟೋಕೆ ಹಣ್ಣಾದ ಹುಳು, ಗೂಡು ಎಲ್ಲ ನೋಡಿದ್ದಾರೆ. ಹುಳುವಿಗೆ ಹಾಲು ರೋಗ ಬಂದು ಬೆಳೆ ಹೋದಾಗ ಅಪ್ಪ ಊಟ ಬಿಟ್ಟದ್ದನ್ನೂ ನೋಡಿದ್ದಾರೆ. ನೋಡದೇ ಇರೋದು ಒಂದೇ, ಗೂಡಿಂದ ಚಿಟ್ಟೆ ಹೊರಬರೋದು. ಚಿಟ್ಟೆ ಬಂದರೆ ಗೂಡು ತೂತಾಗಿ ನೂಲು ಬಿಚ್ಚೋಕೆ ಬರಲ್ಲ, ಅದಕ್ಕೆ ಮುಂಚೇನೇ ಗೂಡು ಮಾರುಕಟ್ಟೆಗೆ ಹೋಗಿರುತ್ತೆ. ವಿಡಿಯೋ ಬೇಕಾಗಿದ್ದದ್ದೇ ಅಲ್ಲಿ! ಅದನ್ನು ಮೂರು ಸೆಕೆಂಡಲ್ಲಿ ಮುಗಿಸಿದರು, ಅದೂ ಬಣ್ಣಬಣ್ಣದ ಚಿಟ್ಟೆ ಆಕಾಶಕ್ಕೆ ಹಾರಿಹೋಯ್ತು. ರೇಷ್ಮೆ ಚಿಟ್ಟೆಗೆ ಹಾರೋಕೇ ಬರಲ್ಲ ಮಹಾರಾಯರೇ. ಸಾವಿರಾರು ವರ್ಷ ಮನುಷ್ಯ ಸಾಕಿ ಸಾಕಿ, ರೆಕ್ಕೆ ಇದ್ದೂ ಪಟಪಟ ಬಡಿದುಕೊಂಡು ಅಲ್ಲೇ ಸುತ್ತುತ್ತೆ.

ಇದನ್ನು ತರಗತಿಯಲ್ಲಿ ಹೇಳಿದೆ. ಯಾರೂ ನಂಬಲಿಲ್ಲ. ಟಿವಿಲಿ ಹಾರಿತಲ್ಲ ಮಿಸ್!

ಇವತ್ತು ಬೆಳಿಗ್ಗೆ ಆ ಜ್ವರದ ಹುಡುಗ ಐದು ಗೂಡು ತಂದುಕೊಟ್ಟ, ಅಪ್ಪನಿಗೆ ಗೊತ್ತಿಲ್ವಂತೆ. ಚಾಕ್‌ಪೀಸ್ ಡಬ್ಬಿಯಲ್ಲಿಟ್ಟು, ಮುಚ್ಚಳಕ್ಕೆ ತೂತು ಮಾಡಿ, ಬೀರುವಿನ ಮೇಲೆ ಇಟ್ಟಿದ್ದೀವಿ. ಚಿಟ್ಟೆ ಬರೋ ದಿನ ಭಾನುವಾರ ಆಗದಿದ್ದರೆ ಸಾಕು. ಮೊಬೈಲ್ ಚಾರ್ಜ್ ಮಾಡಿಟ್ಟಿರ್ತೀನಿ, ವಿಡಿಯೋ ಮಕ್ಕಳೇ ತೆಗೀತಾರೆ.