ಮೊದಲ ಸೆಮಿಸ್ಟರ್‌ಗೇ ಜರ್ಮನ್ ಬೇಕಾ?

ಜರ್ಮನಿಯಲ್ಲಿ ನರ್ಸ್ ಆಗಬೇಕೆಂದಿದ್ದರೆ ಬಿಎಸ್ಸಿ ನರ್ಸಿಂಗ್‌ಗೆ ಸೇರಿದ ದಿನದಿಂದಲೇ ಜರ್ಮನ್ ಕ್ಲಾಸಿಗೂ ಹೋಗಿ ಎಂದು ಲೇಖನದಲ್ಲಿ ಬರೆದಿದ್ದೀರಿ. ನಾನು ಮೂರನೇ ವರ್ಷದಲ್ಲಿದ್ದೇನೆ, ಇದನ್ನು ಪೂರ್ತಿ ಒಪ್ಪಲಾರೆ. ಮೊದಲ ಸೆಮಿಸ್ಟರ್‌ನಲ್ಲೇ ಅನಾಟಮಿ, ಫಿಸಿಯಾಲಜಿ, ಸೈಕಾಲಜಿ, ಸೋಷಿಯಾಲಜಿ, ನರ್ಸಿಂಗ್ ಫೌಂಡೇಶನ್, ಸಾಲದ್ದಕ್ಕೆ ಇಂಗ್ಲಿಷ್ ಬೇರೆ. ಕನ್ನಡ ಮೀಡಿಯಂನಿಂದ ಬಂದವರ ಬಾಯಲ್ಲಿ ‘ಸ್ಟರ್ನೋಕ್ಲೈಡೋಮಾಸ್ಟಾಯ್ಡ್’ (ಕತ್ತಿನ ಒಂದು ಸ್ನಾಯು) ಹೊರಳುವಷ್ಟರಲ್ಲಿ ಇಂಟರ್ನಲ್ಸ್ ಬಂದಿರುತ್ತದೆ. ಅದರ ಮೇಲೆ ಸಂಜೆ ಡೇರ್, ಡೀ, ದಾಸ್ ಎಂದು ಜರ್ಮನ್ ಪದಗಳ ಲಿಂಗದ ಬಾಯಿಪಾಠ! ನನ್ನ ರೂಮ್‌ಮೇಟ್ ಆನ್‌ಲೈನ್ ಕ್ಲಾಸಿನಲ್ಲಿ ಕ್ಯಾಮೆರಾ ಆಫ್ ಮಾಡಿ, ಬೆಡ್ ಮೇಕಿಂಗ್ ಪ್ರಾಕ್ಟಿಕಲ್‌ಗೆಂದು ಬೆಡ್‌ಶೀಟಿನ ಮೂಲೆ ಮಡಚುತ್ತಾ ಜರ್ಮನ್‌ನಲ್ಲಿ ಅಂಕಿ ಒಪ್ಪಿಸುತ್ತಿದ್ದಳು. ಮೂಲೆಯೂ ಸರಿ ಬರುತ್ತಿರಲಿಲ್ಲ, ಅಂಕಿಯೂ ಅಷ್ಟೇ.

ಜರ್ಮನಿಯಲ್ಲಿ ನರ್ಸ್ ಆಗಿ ಮಾನ್ಯತೆ ಸಿಗಲು ಸಾಮಾನ್ಯವಾಗಿ ಜರ್ಮನ್ ಭಾಷೆಯಲ್ಲಿ ಬಿ2 ಹಂತ (ಎ1ರಿಂದ ಸಿ2ವರೆಗಿನ ಆರು ಹಂತಗಳಲ್ಲಿ ನಾಲ್ಕನೆಯದು) ಬೇಕು, ನಿಜ. ಆದರೆ ಕೋರ್ಸ್ 8 ಸೆಮಿಸ್ಟರ್ ಇದೆ ಅಲ್ವಾ? ಮೊದಲ ರಜೆಯಲ್ಲಿ ಎ1 ಶುರು ಮಾಡಿದರೂ ತಡವೇನಲ್ಲ. ಬಿ1, ಬಿ2 ಕೊನೆಯ ವರ್ಷಕ್ಕೆ ಇಟ್ಟುಕೊಂಡರೆ ಇಂಟರ್‌ವ್ಯೂ ಹೊತ್ತಿಗೆ ಮಾತೂ ಮರೆತಿರುವುದಿಲ್ಲ. ಈಗಲೇ ಸೇರಲೇಬೇಕು ಎನ್ನುವವರು ಭಾನುವಾರದ ಬ್ಯಾಚ್ ಹುಡುಕಿ. ರಾತ್ರಿ ಬ್ಯಾಚ್ ಸುಮ್ನೆ ದಂಡ, ಅರ್ಧ ಕ್ಲಾಸ್ ತೂಕಡಿಕೆಯಲ್ಲೇ ಹೋಗುತ್ತದೆ. ಮತ್ತೆ, ಬಿ2ವರೆಗಿನ ಫೀಸನ್ನು ಒಟ್ಟಿಗೆ ಕಟ್ಟಬೇಡಿ. ಒಂದೊಂದು ಹಂತ ಪಾಸಾದ ಮೇಲೆ ಮುಂದಿನದಕ್ಕೆ ಕಟ್ಟಿ.