ಮಲೀನ್ ಸರೋವರದ ಬಗ್ಗೆ ಒಂದು ಸ್ಪಷ್ಟನೆ

"1908ರಲ್ಲಿ ಇಬ್ಬರು ಹೆಂಗಸರು ಗಂಡಸರ ಸಹಾಯವೇ ಇಲ್ಲದೆ, ಕುದುರೆ ಮೇಲೆ ಕೆನಡಾದ ರಾಕಿ ಬೆಟ್ಟಗಳನ್ನು ಸುತ್ತಿ, ಯಾರೂ ಕಾಣದ ಮಲೀನ್ ಸರೋವರವನ್ನು ಕಂಡುಹಿಡಿದರು" ಎಂಬ ಸಂದೇಶ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಪ್ರಯಾಣ ನಿಜ. ಉಳಿದದ್ದು ಸರಿಯಲ್ಲ.

ಮೇರಿ ಶಾಫರ್ ಮತ್ತು ಗೆಳತಿ ಮೇರಿ ಆಡಮ್ಸ್ ಜೊತೆಗೆ ಬಿಲ್ಲಿ ವಾರನ್, ಸಿಡ್ ಅನ್ವಿನ್ ಎಂಬ, ದಾರಿ ತೋರಿಸುವ ಗಂಡಸರಿದ್ದರು. ಅಡುಗೆ ಸಾಮಾನು, ಡೇರೆ ಎಲ್ಲ ಹೊರೆ ಕುದುರೆಗಳ ಮೇಲೆ. ಸರೋವರವನ್ನು ಅಲ್ಲಿನ ಮೂಲನಿವಾಸಿ ಸ್ಟೋನಿ ಜನ ಮೊದಲಿಂದಲೂ ಬಲ್ಲರು. ಅವರಲ್ಲೊಬ್ಬನಾದ ಸ್ಯಾಮ್ಸನ್ ಬೀವರ್ ಚಿಕ್ಕವನಿದ್ದಾಗ ಅಪ್ಪನ ಜೊತೆ ಅಲ್ಲಿಗೆ ಹೋಗಿದ್ದ. ಆ ನೆನಪಿನಿಂದಲೇ ಅವನು ಬರೆದುಕೊಟ್ಟ ನಕ್ಷೆ ಹಿಡಿದು ಇವರು ಹೊರಟದ್ದು. ಇದನ್ನು ಶಾಫರ್ ಅವರೇ 1911ರಲ್ಲಿ ಪ್ರಕಟವಾದ ತಮ್ಮ ಪ್ರವಾಸಕಥನದಲ್ಲಿ ಬರೆದಿದ್ದಾರೆ. ರೈಲ್ವೆ ಸರ್ವೇಯರ್ ಹೆನ್ರಿ ಮೆಕ್ಲಿಯೋಡ್ ಕೂಡ 1875ರಲ್ಲೇ ಆ ಸರೋವರವನ್ನು ನೋಡಿದ್ದರು.

ಇದರಿಂದ ಆ ಇಬ್ಬರ ಸಾಹಸ ಕಡಿಮೆಯಾಗುವುದಿಲ್ಲ. ಹೆಂಗಸರಿಗೆ ಕಾಡುಮೇಡು ಹೇಳಿದ್ದಲ್ಲ ಎನ್ನುತ್ತಿದ್ದ ಕಾಲದಲ್ಲಿ ಅವರು ಹೊಳೆ ದಾಟಿ, ಕಣಿವೆ ಹತ್ತಿ ಇಳಿದರು. 1911ರಲ್ಲಿ ಶಾಫರ್ ಮತ್ತೆ ಹೋಗಿ ಸರೋವರದ ಅಳತೆ ಮಾಡಿದರು. ಹೇಳಬೇಕಾದ್ದು ಇದು, ಅಲ್ವಾ? ಸ್ಯಾಮ್ಸನ್ ಹೆಸರೇ ಇಲ್ಲದ ಆ ಸಂದೇಶವನ್ನು ದಯವಿಟ್ಟು ಇನ್ನು ಫಾರ್ವರ್ಡ್ ಮಾಡಬೇಡಿ. ಕಳಿಸಿದ್ದರೆ ಈ ವಿವರವನ್ನೂ ಅದೇ ಗುಂಪಿಗೆ ಹಾಕಿ.